ಟಾಪ್ ಮುನೀಂದ್ರನ ಜನ್ಮಸ್ಥಳ

ದೊಡ್ಡನೆಕ್ಕುಂದಿಯ ಹಳೇ ಊರಿನಲ್ಲಿ ಹುಟ್ಟಿದವರಿಗೆ ಈಗ ತಾವು ಹುಟ್ಟಿದ ಜಾಗ ತೋರಿಸುವುದೇ ಕಷ್ಟ. ನರಸಿಂಹಯ್ಯ ಹುಟ್ಟಿದ ಹಟ್ಟಿಯ ಮೇಲೆ ಹುಡುಗರ ಪಿ.ಜಿ. ಎದ್ದಿದೆ, ಅವನು ಮೊದಲ ಸಲ ಅತ್ತ ಮೂಲೆಯಲ್ಲಿ ಈಗ ವಾಷಿಂಗ್ ಮೆಷೀನು ಸುತ್ತುತ್ತದೆ. ಅಮರಪ್ಪ ಹುಟ್ಟಿದ ಮನೆ ಕಂಪನಿಯೊಂದರ ಎರಡನೇ ಬೇಸ್‌ಮೆಂಟಾಗಿದೆ. ನೋಡಬೇಕೆಂದರೆ ಗೇಟಿನಲ್ಲಿ ಐ.ಡಿ. ಕಾರ್ಡು ತೋರಿಸಬೇಕು. ಇವರ ನಡುವೆ ಮುನೀಂದ್ರನ ಸಮಸ್ಯೆ ಮಾತ್ರ ಬೇರೆ. ಅವನ ಜನ್ಮಸ್ಥಳಕ್ಕೆ ನಾಲ್ಕು ಚಕ್ರಗಳಿದ್ದವು. ಅವನು ಹುಟ್ಟಿದ ದಿನವೇ ಅದು ಅವನನ್ನು ಇಳಿಸಿ ಹೊರಟುಹೋಗಿತ್ತು.

ತಾಯಿ ಪಿಳ್ಳಮ್ಮ ಹೇಳುತ್ತಿದ್ದ ಕಥೆ ಇಷ್ಟು. ಆ ಕಾಲಕ್ಕೆ ವೈಟ್‌ಫೀಲ್ಡಿನಲ್ಲಿ ಒಬ್ಬರು ದೊರೆಸಾನಿ ಡಾಕ್ಟ್ರಮ್ಮ ಇದ್ದರು. ಬಟ್ಟೆ ಟಾಪಿನ ಪುಟ್ಟ ಕಾರನ್ನು ತಾವೇ ಓಡಿಸಿಕೊಂಡು ಸುತ್ತಲಿನ ಹಳ್ಳಿಗಳಿಗೆ ಬರುತ್ತಿದ್ದರು. ಒಂದು ಮಳೆಯ ಬೆಳಗ್ಗೆ, ಸೂಲಗಿತ್ತಿ ಕೈಚೆಲ್ಲಿ ಕೂತಾಗ, ಪಿಳ್ಳಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟರು. ಹೂಡಿಯ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ಬರುವುದು ತಡವಾಯಿತು. ಮುನೀಂದ್ರ ಬರುವುದು ತಡವಾಗಲಿಲ್ಲ. ಗೇಟು ತೆಗೆದಾಗ ಕಾರಿನಲ್ಲಿ ಒಂದು ಟಿಕೆಟ್ಟು ಜಾಸ್ತಿಯಾಗಿತ್ತು. ಇಲ್ಲಿಗೆ ಪಿಳ್ಳಮ್ಮ ಎಲೆಯಡಿಕೆ ಬಾಯಿಗೆ ತುಂಬಿಕೊಳ್ಳುತ್ತಿದ್ದಳು. ಆಮೇಲೇನಾಯಿತು ಎಂದು ಎಷ್ಟು ಕೇಳಿದರೂ ಆ ಬಾಯಿಂದ ಮಾತು ಹೊರಡುತ್ತಿರಲಿಲ್ಲ.

ಊರು ಇದನ್ನು ನಂಬಲಿಲ್ಲ. ಪಿಳ್ಳಮ್ಮ ಹೆತ್ತದ್ದು ಎತ್ತಿನ ಗಾಡಿಯಲ್ಲಿ, ಆಮೇಲೆ ಎತ್ತುಗಳನ್ನು ಬಿಚ್ಚಿ ಎಂಜಿನ್ನು ಕಟ್ಟಿಕೊಂಡಳು ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ನಗುತ್ತಿದ್ದರು. ತಂದೆ ಪಾಪಯ್ಯನನ್ನು ಕೇಳಿದರೆ, ತಾನು ಅವತ್ತು ಮಾಲೂರಿನ ಸಂತೆಗೆ ಹೋಗಿದ್ದೆ ಎಂದು ಕೊನೆಯವರೆಗೂ ಹೇಳಿ ಜಾರಿಕೊಂಡ. ಸ್ಕೂಲಿನಲ್ಲಿ ಮೇಷ್ಟರು ಹುಟ್ಟಿದ ಸ್ಥಳ ಯಾವುದೆಂದು ಕೇಳಿದಾಗ ಹುಡುಗ ಎದ್ದು ನಿಂತು ‘ಕಾರು ಸಾ’ ಅಂದ. ಮೇಷ್ಟರು ಕನ್ನಡಕ ಸರಿಮಾಡಿಕೊಂಡು, ಯಾವ ಗೇರಿನಲ್ಲಿ ಎಂದು ವಿಚಾರಿಸಿದರು. ಆವತ್ತಿನಿಂದ ಅವನು ‘ಕಾರ್ ಮುನೀಂದ್ರ’. ಹೆಸರಿಗೆ ಕಾರು, ಓಡಾಟಕ್ಕೆ ಕಾಲು.

ಹೀಗೆ ಹುಟ್ಟಿದವನು ಕಾರಿನ ಡ್ರೈವರೋ ಮೆಕ್ಯಾನಿಕ್ಕೋ ಆಗಬೇಕಿತ್ತು. ಅವನು ಆಟೋ ಟಾಪು ಹೊಲಿಯುವವನಾದ. ಶಿವಾಜಿನಗರದಲ್ಲಿ ಜಟಕಾ ಗಾಡಿಗಳಿಗೆ ಹುಡ್ಡು ಹೊಲಿಯುತ್ತಿದ್ದ ಸಾಹೇಬರೊಬ್ಬರ ಬಳಿ ಕೆಲಸ ಕಲಿತು, ಊರಿಗೆ ಬಂದು, ಹಳೇ ರಸ್ತೆಯ ಹೊಂಗೆ ಮರದ ಕೆಳಗೆ ‘ಮುನೇಶ್ವರ ಕುಷನ್ ವರ್ಕ್ಸ್’ ಎಂದು ಬೋರ್ಡು ಹಾಕಿದ. ಅದು ಇಂಡಸ್ಟ್ರಿಯಲ್ ಏರಿಯಾದ ಹೊಗೆಕೊಳವೆಗಳೆಲ್ಲ ಒಟ್ಟಿಗೆ ಬೀಡಿ ಸೇದುತ್ತಿದ್ದ ಕಾಲ. ಫ್ಯಾಕ್ಟರಿಯ ಶಿಫ್ಟು ಬಿಟ್ಟರೆ ರಸ್ತೆ ತುಂಬ ಸೈಕಲ್ಲು, ಸೈಕಲ್ಲುಗಳ ನಡುವೆ ಆಟೋ, ಎಲ್ಲ ಆಟೋಗಳ ತಲೆಯ ಮೇಲೆ ಮುನೀಂದ್ರನ ಕೈಯ ಟಾಪು. ಅವನ ಟಾಪುಗಳಿಗೆ ಒಂದು ಹೆಸರಿತ್ತು: ಸೋರುವುದಿಲ್ಲ. ಹೊಸ ಟಾಪು ಹಾಕಿದ ಮೇಲೆ ತಾನೇ ಒಳಗೆ ಕೂತು, ಡ್ರೈವರನ ಕೈಯಲ್ಲಿ ಕೊಡಪಾನಗಟ್ಟಲೆ ನೀರು ಸುರಿಸಿಕೊಳ್ಳುತ್ತಿದ್ದ. ಒಂದು ಹನಿ ಒಳಗೆ ಬಿದ್ದರೂ ಕೂಲಿಯಿಲ್ಲ. ಅವನ ಶರಟು ನೆನೆದದ್ದನ್ನು ಯಾರೂ ನೋಡಿರಲಿಲ್ಲ. ಕಾರ್ ಮುನೀಂದ್ರ ಹೋಗಿ ‘ಟಾಪ್ ಮುನೀಂದ್ರ’ನಾದ.

ಅಂಗಡಿಯ ಇನ್ನೊಂದು ಕಟ್ಟಳೆಯೂ ಸಾಹೇಬರಿಂದಲೇ ಬಂದದ್ದು. ಬಿಚ್ಚಿದ ಹಳೇ ಟಾಪು ದೀಪ ಹಚ್ಚುವ ಹೊತ್ತಿಗೆ ಅಂಗಡಿಯಲ್ಲಿರಬಾರದು. ಇದ್ದರೆ ಅದರ ತೂತು ಹೊಸದಕ್ಕೆ ಅಂಟುತ್ತದೆ ಎಂಬ ನಂಬಿಕೆ. ಹಾಗಾಗಿ ಹಳೆಯದನ್ನು ಕೇಳಿದವರಿಗೆ ಕೊಟ್ಟುಬಿಡುವುದು. ಮೊದಮೊದಲು ಊರಿನವರು ದನದ ಕೊಟ್ಟಿಗೆಗೆ ಒಯ್ಯುತ್ತಿದ್ದರು. ದನಗಳು ಹೋಗಿ ಫ್ಲ್ಯಾಟುಗಳು ಬಂದ ಮೇಲೆ, ಫ್ಲ್ಯಾಟು ಕಟ್ಟಲು ಬಂದವರು ಒಯ್ಯತೊಡಗಿದರು. ಅವರಲ್ಲಿ ಲಿಂಗಸುಗೂರಿನ ಕಡೆಯ ಯಮನಪ್ಪ ಕಾಯಂ ಗಿರಾಕಿ. ಹಗಲು ಕಬ್ಬಿಣ ಕಟ್ಟುವ ಕೆಲಸ. ಕಟ್ಟಡದ ಹಿಂದಿನ ಶೆಡ್ಡಿನಲ್ಲಿ ಹೆಂಡತಿ ಚನ್ನಕ್ಕನ ಜೊತೆ ವಾಸ.

ಎರಡು ಸಾವಿರದ ಒಂಬತ್ತರ ಹೊತ್ತಿಗೆ ಮುನೀಂದ್ರನ ಕೆಲಸ ಬಹಳ ಇಳಿದಿತ್ತು. ಆಟೋಗಳಿಗೆ ರೆಡಿಮೇಡ್ ಟಾಪು ಬಂದಿತ್ತು. ಸುತ್ತಮುತ್ತ ಎಲ್ಲರ ಬಳಿಯೂ ಲ್ಯಾಪ್‌ಟಾಪು. ಇವನ ಬಳಿ ಬರೀ ಟಾಪು. ಅವರ ಬ್ಯಾಗಿನ ಕಿತ್ತ ಪಟ್ಟಿ ಹೊಲಿದುಕೊಡುತ್ತ ಕೂತಿದ್ದ ಒಂದು ಮಧ್ಯಾಹ್ನ, ಟೋಯಿಂಗ್ ವ್ಯಾನಿನ ಹಿಂದೆ ಜೋತುಬಿದ್ದು ಒಂದು ಪಿಸ್ತಾ ಹಸಿರು ಬಣ್ಣದ ಕಾರು ಬಂತು. ಕಪ್ಪೆ ಕಣ್ಣು, ಗುಂಡು ಬೆನ್ನು, ತಲೆಯ ಮೇಲೆ ಅಂಚೆಲ್ಲ ಹರಿದು ಚಿಂದಿಯಾದ ಕ್ಯಾನ್‌ವಾಸು.

ಜೊತೆಗೆ ಬಂದವರು ಭಾನುಪ್ರಕಾಶ್. ವೈಟ್‌ಫೀಲ್ಡ್ ರಸ್ತೆಯ ಫ್ಯಾಕ್ಟರಿಯೊಂದರಲ್ಲಿ ಪರ್ಚೇಸ್ ಮ್ಯಾನೇಜರಾಗಿ ನಿವೃತ್ತರಾಗಿ, ಹೂಡಿಯ ಅಪಾರ್ಟ್‌ಮೆಂಟಿನಲ್ಲಿ ನೆಲೆಸಿದವರು. ತಂದೆ ತೀರಿಕೊಂಡ ಮೇಲೆ ಕಾರು ಅವರ ಪಾಲಿಗೆ ಬಂದಿತ್ತು. ಅದು ವಿಸಿಟರ್ಸ್ ಪಾರ್ಕಿಂಗಿನಲ್ಲಿ ಎಣ್ಣೆ ಸೋರಿಸುತ್ತದೆಂದು ಅಸೋಸಿಯೇಶನ್ನಿನವರು ಸಭೆ ಕರೆದಿದ್ದರು. ಎಂಜಿನ್ನು ರಿಪೇರಿಗೆ ಸಿದ್ಧರಿರುವವರು ಇದ್ದರು, ಬಣ್ಣ ಬಳಿಯುವವರಿದ್ದರು. ಬಟ್ಟೆಯ ಟಾಪು ಎಂದ ಕೂಡಲೇ ಎಲ್ಲರೂ ತಲೆ ಕೆರೆದುಕೊಂಡು ಮುನೀಂದ್ರನ ಹೆಸರು ಹೇಳಿದ್ದರು.

ಮುನೀಂದ್ರ ಮುಂಭಾಗದಲ್ಲಿದ್ದ ಹೆಸರನ್ನು ಅಕ್ಷರ ಕೂಡಿಸಿ ಓದಿಕೊಂಡ. ಮಾರಿಸ್ ಮೈನರ್.

“ಎಷ್ಟು ವಯಸ್ಸು ಸಾರ್ ಇದಕ್ಕೆ?”

“ಐವತ್ತು ದಾಟಿ ಎಷ್ಟೋ ವರ್ಷ ಆಯ್ತು ಕಣ್ರೀ.”

“ಆದ್ರೂ ಇನ್ನೂ ಮೈನರ್ರಾ?”

ಭಾನುಪ್ರಕಾಶ್ ನಕ್ಕರು. ಇಬ್ಬರಿಗೂ ಹೊಂದಿಕೆಯಾಯಿತು. ಟಾಪು ಕಾರು ಕೊಂಡಾಗಿನದೇ ಎಂದು ಅವರು ಹೆಮ್ಮೆಯಿಂದ ಹೇಳಿದರು. ಅವರ ತಂದೆ ಹೊಸ ಟಾಪು ಹಾಕಿಸುವ ಬದಲು ಮಳೆಗಾಲದಲ್ಲಿ ಕಾರನ್ನೇ ಹೊರಗೆ ತೆಗೆಯುತ್ತಿರಲಿಲ್ಲವಂತೆ. ಹರಿದರೆ ತೇಪೆ, ತೇಪೆ ಹರಿದರೆ ಅದರ ಮೇಲೊಂದು ತೇಪೆ. ಭಾನುಪ್ರಕಾಶ್ ಅತ್ತ ಹೋದ ಮೇಲೆ ಮುನೀಂದ್ರ ಟಾಪನ್ನು ಬಿಚ್ಚಿದ, ಅಳತೆಗೆ ಹಾಳೆಯ ಮೇಲೆ ಗೆರೆ ಎಳೆದುಕೊಂಡ. ಸಂಜೆ ಯಮನಪ್ಪ ಬಂದು, ದಪ್ಪ ಬಟ್ಟೆ ಚಲೋ ಐತಿ ಎಂದು ಸುತ್ತಿ ಹೆಗಲಿಗೇರಿಸಿಕೊಂಡು ಹೋದ. ದೀಪ ಹಚ್ಚುವ ಹೊತ್ತಿಗೆ ಅಂಗಡಿ ಶುದ್ಧವಾಗಿತ್ತು.

ಮರುದಿನ ಭಾನುಪ್ರಕಾಶ್ ಟೀ ಕುಡಿಯುತ್ತ, ಮಾತಿಗೆ ಮಾತು ಬಂದು, ತಮ್ಮ ತಂದೆಗೆ ಈ ಕಾರು ಮಾರಿದವರು ವೈಟ್‌ಫೀಲ್ಡಿನ ಒಬ್ಬರು ಲೇಡಿ ಡಾಕ್ಟರು, ತಮ್ಮ ಸೀಮೆಗೆ ವಾಪಸು ಹೋಗುವ ಮುಂಚೆ ಕೊಟ್ಟುಹೋದರು ಎಂದರು.

ಮುನೀಂದ್ರನ ಕೈಯ ಕತ್ತರಿ ಬ್ಯಾಗಿನ ಪಟ್ಟಿಯ ಮಧ್ಯದಲ್ಲಿ ನಿಂತಿತು. ಅವನು ಎದ್ದು ಹೋಗಿ ಬಾಗಿಲು ತೆಗೆದು, ಮುಂದಿನ ಸೀಟು ಬಗ್ಗಿಸಿ, ಹಿಂದಿನ ಸೀಟನ್ನು ನೋಡಿದ. ಅದು ಒಬ್ಬ ಹೆಂಗಸು ಮೊಣಕಾಲು ಮಡಚಿ ಮಲಗಬಹುದಾದಷ್ಟೇ ಅಗಲವಿತ್ತು. ಮುಟ್ಟಲು ಹೋಗಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಆಮೇಲೆ ಮುಟ್ಟಿದ. ಊರಿನವರೆಲ್ಲರ ಜನ್ಮಸ್ಥಳಗಳೂ ನೆಲದಡಿಗೆ ಹೋಗಿರುವಾಗ, ತನ್ನದು ಅಂಗಡಿಯ ಮುಂದೆ, ಹೊಂಗೆ ಮರದ ನೆರಳಿನಲ್ಲಿ ನಿಂತಿದೆಯೇ?

ರಾತ್ರಿ ಊಟಕ್ಕೆ ಕೂತಾಗ ತಾಯಿಗೆ ಹೇಳಿದ. ಪಿಳ್ಳಮ್ಮ ಮುದ್ದೆ ಮುರಿಯುತ್ತ, ಕಾರು ಯಾವ ಬಣ್ಣ ಎಂದು ಕೇಳಿದಳು. ಹಸಿರು ಎಂದ. ತಾನು ಕಂಡದ್ದು ಬಿಳಿಯದು ಅಥವಾ ಕಪ್ಪು, ಹಸಿರಂತೂ ಅಲ್ಲ ಎಂದಳು. ಮುನೀಂದ್ರ ಮರುದಿನ ಬಾಗಿಲ ಸಂದಿಯಲ್ಲಿ ಉಗುರಿನಿಂದ ಕೆರೆದು ನೋಡಿದ. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಬೂದಿ ಬಣ್ಣ. ಬೂದಿಯನ್ನು ಬಿಳಿ ಅನ್ನಬಹುದೋ ಕಪ್ಪು ಅನ್ನಬಹುದೋ ಎಂದು ಹೆಂಡತಿ ಶಾಂತಿಯನ್ನು ಕೇಳಿದ. ನೋಡುವವರ ಆಸೆ ಯಾವ ಕಡೆಗಿದೆಯೋ ಆ ಕಡೆಗೆ ಅನ್ನಬಹುದು ಎಂದು ಅವಳು ಹೇಳಿ ಪಾತ್ರೆ ತೊಳೆಯಲು ಹೋದಳು.

ಇನ್ನು ಉಳಿದದ್ದು ಒಂದೇ ದಾರಿ. ಟಾಪು ಮುಗಿದ ಮೇಲೆ ತಾಯಿಯನ್ನು ಅದೇ ಹಿಂದಿನ ಸೀಟಿನಲ್ಲಿ ಕೂರಿಸಬೇಕು, ಅವಳ ಬಾಯಿಂದ ಹೌದೋ ಅಲ್ಲವೋ ಹೇಳಿಸಬೇಕು. ಭಾನುಪ್ರಕಾಶ್ ಕಥೆ ಕೇಳಿ ತಾವೇ ಖುಷಿಪಟ್ಟರು. ಟಾಪಿನ ಕೆಲಸವೂ ಎಂಜಿನ್ನಿನ ರಿಪೇರಿಯೂ ಮುಗಿದ ಭಾನುವಾರ ತಾವೇ ಡ್ರೈವ್ ಮಾಡುವುದಾಗಿ ಮಾತು ಕೊಟ್ಟರು.

ಮುನೀಂದ್ರ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಹೊಲಿದಿರಲಿಲ್ಲ. ಜೆ.ಸಿ. ರೋಡಿನ ಅಂಗಡಿ ಅಂಗಡಿ ತಿರುಗಿ ಕ್ಯಾನ್‌ವಾಸು ತಂದ. ದಾರಕ್ಕೆ ಜೇನುಮೇಣ ಸವರಿದ. ಒಂದೊಂದು ಹೊಲಿಗೆಯನ್ನೂ ಮಡಚಿ ಎರಡು ಸಲ ಹಾಕಿದ. ಕಮಾನುಗಳ ಮೇಲೆ ಎಳೆದು ಬಿಗಿದು, ಬೆರಳಿನಿಂದ ತಟ್ಟಿದರೆ ತಮಟೆಯ ಹಾಗೆ ಸದ್ದು ಬರಬೇಕು, ಹಾಗೆ ಮಾಡಿದ. ಸದ್ದು ಬಂತು. ಭಾನುಪ್ರಕಾಶ್ ಬಂದು ಮೆಚ್ಚಿ, ಎಲ್ಲಿ ಮಡಚಿ ತೋರಿಸಿ ಎಂದರು. ಮುನೀಂದ್ರ ಕೊಕ್ಕೆ ಬಿಚ್ಚಿ ಹಿಂದಕ್ಕೆ ದೂಡಿದ. ಟಾಪು ಅಲುಗಲಿಲ್ಲ. ಇಬ್ಬರೂ ಸೇರಿ ದೂಡಿದರು. ಕಾರು ಹಿಂದಕ್ಕೆ ಹೋಯಿತು.

ಆಟೋದ ಟಾಪನ್ನು ಹುಟ್ಟಿದಾಗಿನಿಂದ ಯಾರೂ ಮಡಚಿದ್ದಿಲ್ಲ. ಬಿಗಿಯಾದಷ್ಟೂ ಚೆನ್ನ ಎಂದು ಮೂವತ್ತು ವರ್ಷ ಕಲಿತ ಕೈ, ಕಾರಿಗೂ ಆಟೋದ ಟಾಪನ್ನೇ ಹೊಲಿದುಬಿಟ್ಟಿತ್ತು. ಮುನೀಂದ್ರ ಏನೂ ಹೇಳದೆ ಅಷ್ಟನ್ನೂ ಬಿಚ್ಚಿದ. ಮಡಚಿಕೊಳ್ಳಲು ಎಲ್ಲೆಲ್ಲಿ ಸಡಿಲ ಬೇಕು, ಎಷ್ಟು ಬೇಕು ಎಂದು ಕಾರನ್ನೇ ಕೇಳಿ ಕೇಳಿ ಕಲಿತ. ಬಿಗಿಯುವುದು ಗೊತ್ತಿದ್ದವನಿಗೆ ಸಡಿಲ ಬಿಡುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಕೊನೆಗೆ ಟಾಪು ಕೊಡೆಯ ಹಾಗೆ ಮಡಚಿ ಹಿಂದೆ ಕೂತಿತು, ಎಳೆದರೆ ಬಂದು ಮುಂದೆ ಕಚ್ಚಿಕೊಂಡಿತು. ಅವನು ಒಳಗೆ ಕೂತ. ಭಾನುಪ್ರಕಾಶ್ ಪ್ಯಾಂಟು ಮಡಚಿಕೊಂಡು ಬಿಂದಿಗೆ ಬಿಂದಿಗೆ ನೀರು ಸುರಿದರು. ಶರಟು ಒಣಗಿಯೇ ಇತ್ತು.

ಭಾನುವಾರ ಬೆಳಗ್ಗೆ ಪಿಳ್ಳಮ್ಮ ಹಸಿರು ಅಂಚಿನ ಸೀರೆಯುಟ್ಟು, ಇಬ್ಬರು ಹಿಡಿದುಕೊಂಡ ಮೇಲೆ, ಕಾರಿನ ಹಿಂದಿನ ಸೀಟಿಗೆ ಏರಿದಳು. ಅಕ್ಕಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದಿದ್ದರು. ನರಸಿಂಹಯ್ಯ, ಈ ಸಲ ಪಿಳ್ಳಮ್ಮನಿಗೆ ಹೆಣ್ಣಾಗಲಿ ಎಂದು ಕೂಗಿದ. ಕಾರು ಕೆಮ್ಮಿ, ಹೊರಟು, ಹಳೇ ರಸ್ತೆಗೆ ಬಂತು. ಮುನೀಂದ್ರ ಮುಂದಿನ ಸೀಟಿನಿಂದ ಪೂರ್ತಿ ತಿರುಗಿ ಕೂತು ತಾಯಿಯ ಮುಖವನ್ನೇ ನೋಡುತ್ತಿದ್ದ. ಅವಳು ಕೆರೆಯ ಬೇಲಿ ನೋಡಿದಳು, ಟ್ಯಾಂಕರು ನೋಡಿದಳು, ಗಾಜಿನ ಕಟ್ಟಡಗಳನ್ನು ನೋಡಿದಳು. ಇಲ್ಲಿ ನಮ್ಮ ಅವರೆ ಹೊಲ, ಅಲ್ಲಿ ಭದ್ರಮ್ಮನ ಹುಣಸೆ ಮರ ಎಂದು ಕಂಪನಿಗಳ ಮೇಲೆಲ್ಲ ಬೆರಳು ತೋರಿಸಿದಳು. ಕಾರಿನ ಬಗ್ಗೆ ಮಾತ್ರ ಚಕಾರವಿಲ್ಲ.

ತಾಳಲಾರದೆ ಅವನೇ ಕೇಳಿದ. “ಅಮ್ಮಾ, ಇದೇನಾ?”

“ಯಾವ್ದು?”

“ಕಾರು. ನಾನು ಹುಟ್ಟಿದ್ದು.”

“ನಂಗೇನ್ ಗೊತ್ತುಲಾ? ಎರಿಗೆ ನೋವಲ್ಲಿ ನಾನೇನ್ ಕಾರ್ ನೋಡ್ಕಂಡ್ ಕುಂತಿದ್ನಾ?”

ಭಾನುಪ್ರಕಾಶರ ಬೆನ್ನು ಕುಲುಕಿತು. ಮುನೀಂದ್ರನಿಗೆ ನಗು ಬರಲಿಲ್ಲ. ಏನಾದರೂ ನೆನಪಿರಬೇಕಲ್ಲವೇ, ಸೀಟೋ ಬಾಗಿಲೋ ಗಾಜೋ ಎಂದು ಗೋಗರೆದ. ಪಿಳ್ಳಮ್ಮ ಸೀಟಿನ ಮೇಲೆ ಕೈಯಾಡಿಸಿದಳು, ತಲೆ ಹಿಂದಕ್ಕೆ ಒರಗಿಸಿ ಹೊಸ ಕ್ಯಾನ್‌ವಾಸನ್ನು ನೋಡಿದಳು.

“ಅಂಗಾತ ಮಲಗಿದ್ನಲ್ಲ. ಕಂಡಿದ್ದು ಮ್ಯಾಗ್ಳ ಬಟ್ಟೆ ಒಂದೇಯ. ಇದು ಒಸಾದು. ಅದೆಲ್ಲೋಯ್ತು?”

ಮುನೀಂದ್ರ ಮುಂದಕ್ಕೆ ತಿರುಗಿ ಕೂತ. ಕಾರಿನಲ್ಲಿ ಅವಳು ಗುರುತು ಹಿಡಿಯಬಹುದಾದ ವಸ್ತು ಇದ್ದದ್ದು ಒಂದೇ. ಅದನ್ನು ಅವನು ತನ್ನ ಕೈಯಾರೆ ಬಿಚ್ಚಿ, ಶಾಸ್ತ್ರದ ಪ್ರಕಾರ ಅವತ್ತೇ ದಾನ ಮಾಡಿದ್ದ. ಸೂರು ಸೋರದಂತೆ ನೋಡಿಕೊಳ್ಳುವ ಭರದಲ್ಲಿ ಸೂರನ್ನೇ ಕಳೆದುಕೊಂಡವನ ಸ್ಥಿತಿ. ಭಾನುಪ್ರಕಾಶ್ ವಿಷಯ ತಿಳಿದು, ಕಾರು ನಿಧಾನ ಮಾಡಿ, ಯಾವ ಕಡೆಗೆ ತಿರುಗಿಸಲಿ ಎಂದಷ್ಟೇ ಕೇಳಿದರು.

ಅರ್ಧ ಎದ್ದಿದ್ದ ಅಪಾರ್ಟ್‌ಮೆಂಟಿನ ಹಿಂದೆ ಶೆಡ್ಡುಗಳ ಸಾಲಿತ್ತು. ಕಬ್ಬಿಣದ ರಾಶಿಯ ಪಕ್ಕದಲ್ಲಿ ಕಾರು ನಿಂತಾಗ ಯಮನಪ್ಪ ಹಲ್ಲುಜ್ಜುತ್ತ ಹೊರಗೆ ಬಂದ. ಬಂದವರನ್ನೂ ಅವರ ಕಾರನ್ನೂ ನೋಡಿ, ತಾನು ಒಯ್ದ ಬಟ್ಟೆಯ ವಿಚಾರಕ್ಕೇ ಬಂದಿದ್ದಾರೆ ಎಂದು ಅವನಿಗೆ ಅರ್ಥವಾಯಿತು. ಮುಖ ಸಣ್ಣದಾಯಿತು.

“ಕೊಟ್ಟಿದ್ದ ವಾಪಸ್ ಒಯ್ತೀರೇನ್ರೀ ಅಣ್ಣಾರ?”

ಇಲ್ಲ, ಬರೀ ನೋಡಬೇಕು, ನಮ್ಮಮ್ಮ ಅದರ ಕೆಳಗೆ ಒಂದು ಗಳಿಗೆ ಮಲಗಬೇಕು ಎಂದು ಮುನೀಂದ್ರ ಹೇಳಿದ. ಹೇಳಿದ ಮೇಲೆ ಅದು ಎಷ್ಟು ವಿಚಿತ್ರವಾಗಿ ಕೇಳಿಸಿತೆಂದು ಅವನಿಗೇ ಅನ್ನಿಸಿತು. ಯಮನಪ್ಪನಿಗೆ ಹಾಗೆ ಅನ್ನಿಸಿದಂತೆ ಕಾಣಲಿಲ್ಲ. ಒಳಗಿದ್ದ ಚನ್ನಕ್ಕ ರೊಟ್ಟಿಯ ಹಂಚು ಇಳಿಸಿ, ಚಾಪೆ ಹಾಸಿ, ಮೇಲೊಂದು ಕೌದಿ ಹಾಸಿದಳು. “ಬರ್ರಿ ಅಮ್ಮಾರ, ಕಾಲ್ ಚಾಚ್ರಿ,” ಎಂದಳು.

ಶೆಡ್ಡಿನ ಮುಕ್ಕಾಲು ಭಾಗಕ್ಕೆ ತಗಡು. ಅಡುಗೆಯ ಮೂಲೆಗೆ ಮಾತ್ರ ಆ ಕ್ಯಾನ್‌ವಾಸು, ಕಾರಿನಲ್ಲಿದ್ದಂತೆಯೇ ಒಳಮೈ ಕೆಳಗಾಗಿ. ಟಾಪಿನ ಹಿಂಬದಿಯ ಸಣ್ಣ ಕಿಟಕಿಯ ಪ್ಲಾಸ್ಟಿಕ್ಕನ್ನು ಚನ್ನಕ್ಕ ಒರೆಸಿಟ್ಟಿದ್ದಳು. ಅದರಿಂದ ಒಲೆಯ ಮೇಲೆ ಒಂದು ಚೌಕ ಬೆಳಕು ಬೀಳುತ್ತಿತ್ತು. ಪಿಳ್ಳಮ್ಮ ನಿಧಾನವಾಗಿ ಅಂಗಾತ ಮಲಗಿದಳು. ಮುನೀಂದ್ರ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತ. ಅವಳು ಮೇಲೆ ನೋಡುತ್ತಲೇ ಇದ್ದಳು. ಒಮ್ಮೆ ಕೈಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುವಂತೆ ಬೆರಳಾಡಿಸಿದಳು. ಬೆರಳು ಹಿಂಬದಿಯ ಹೊಲಿಗೆಯೊಂದರ ನೇರಕ್ಕೆ ಬಂದು ನಿಂತಿತು. ಅಲ್ಲಿ ದಾರ ಬಿಟ್ಟು, ಆಕಾಶ ಕೂದಲೆಳೆಯಷ್ಟು ಕಾಣುತ್ತಿತ್ತು.

“ಇಲ್ಲಿ ಸೋರ್ತಿತ್ತು,” ಎಂದಳು.

ಬೆರಳು ಇಳಿಸದೆ ಮುಂದುವರಿಸಿದಳು.

“ನೀನು ಅಳ್ಲಿಲ್ಲ ಕಣ್ಲಾ. ಉಟ್ದಾಗ. ನೀಲಿ ತಿರುಗಿತ್ತು ಮೈಯೆಲ್ಲ. ಡಾಕ್ಟ್ರಮ್ಮ ಕಾಲಿಡಿದು ಎತ್ತಿದ್ಳು, ಬೆನ್ಮ್ಯಾಲೆ ಒಡೆದ್ಳು. ಊಹುಂ. ಅವಳ ಕಣ್ಣಲ್ಲಿ ನೀರು ಬಂತು, ನಾನು ನೋಡ್ದೆ. ನನ್ ಎದೆ ಮ್ಯಾಲೆ ಮಲಗ್ಸಿ ಸುಮ್ನಾಗ್ಬುಟ್ಳು. ಅಷ್ಟೊತ್ಗೆ ಮ್ಯಾಗಿಂದ ಮಳೆನೀರು ತೊಟ್ಟಿಕ್ತು. ತಣ್ಣಗೆ, ನಿನ್ ಬೆನ್ಮ್ಯಾಲೆ. ಒಂದಲ್ಲ, ಮ್ಯಾಲಿಂದ ಮ್ಯಾಲೆ. ಕಿಟಾರಂತ ಅತ್ಬುಟ್ಟೆ ನೀನು.”

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಗು ಸತ್ತಂತಿತ್ತು ಎಂಬ ಮಾತನ್ನು ಬದುಕಿರುವ ಮಗನ ಎದುರು ಆಡಬಾರದು ಎಂದು ಅವಳ ಅತ್ತೆ ಹೇಳಿದ್ದರಂತೆ. ಆಡಿದರೆ ಯಮನಿಗೆ ವಿಳಾಸ ಕೊಟ್ಟಂತೆ. ಅದಕ್ಕೇ ಇಷ್ಟು ವರ್ಷ ಕಥೆಯನ್ನು ರೈಲ್ವೆ ಗೇಟಿನಲ್ಲೇ ನಿಲ್ಲಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದದ್ದು. ಈಗ ಮಗನಿಗೂ ತಲೆ ನರೆತಿದೆ, ಇನ್ನೇನು ದೃಷ್ಟಿ ಎಂದಳು.

ಮುನೀಂದ್ರ ಆ ಹೊಲಿಗೆಯನ್ನು ನೋಡಿದ. ಮಡಚುವ ಟಾಪು ಯಾವ ಕಾರಿನದಾಗಲಿ, ಯಾರೇ ಹೊಲಿದಿರಲಿ, ಮೊದಲು ಬಿಡುವುದು ಅದೇ ಜಾಗ. ಹಿಂದಿನ ಕಮಾನಿನ ಮೇಲೆ ಬಟ್ಟೆ ಮಡಚಿ ಮಡಚಿ ಸವೆಯುವ ಜಾಗ. ಇತ್ತೀಚೆಗಷ್ಟೇ ಅವನು ಅದನ್ನು ಕಲಿತಿದ್ದ. ಆ ಕಾಲದಲ್ಲಿ ಬೆಂಗಳೂರಿನಲ್ಲಿ ಓಡಾಡಿದ ಇಂಥ ಕಾರುಗಳೆಲ್ಲ ಅಲ್ಲೇ ಸೋರಿರುತ್ತವೆ. ಹಾಗಾಗಿ ಇದು ಯಾವುದಕ್ಕೂ ಸಾಕ್ಷಿಯಲ್ಲ ಎಂದು ಟಾಪ್ ಮುನೀಂದ್ರನಿಗೆ ಚೆನ್ನಾಗಿ ಗೊತ್ತಿತ್ತು.

ಭಾನುಪ್ರಕಾಶ್ ಬಾಗಿಲಿಗೆ ಬಂದು ಬಗ್ಗಿ ನೋಡಿ, ಮೆಲ್ಲಗೆ ಕೇಳಿದರು. “ಏನಂತ್ರೀ? ಇದೇನಾ?”

“ಇದೇ ಸಾರ್,” ಎಂದ ಮುನೀಂದ್ರ.

ಅವರು ಅವನ ಭುಜ ತಟ್ಟಿ ಹೊರಗೆ ಹೋದರು. ಕಾರಿನ ಸುತ್ತ ನೆರೆದಿದ್ದವರಿಗೆ ಅದರ ಮಹಿಮೆ ಹೇಳತೊಡಗಿದ್ದು ಒಳಗೆ ಕೇಳಿಸಿತು. ಯಮನಪ್ಪ ಇನ್ನೂ ಅಲ್ಲೇ ನಿಂತಿದ್ದ. ಏನೋ ಹೇಳಬೇಕು, ಸಂಕೋಚ. ಕೊನೆಗೆ ಚನ್ನಕ್ಕನೇ ಹೇಳಿದಳು. ಮೊನ್ನೆಯ ಮಳೆಗೆ ಆ ಅಮ್ಮ ಬೆರಳು ತೋರಿಸಿದಲ್ಲೇ ನೀರು ಬಂದು ಒಲೆ ಆರಿತಂತೆ. ಅಣ್ಣಾರಿಗೆ ಈ ಕೆಲಸ ಬರುತ್ತಲ್ಲ, ಒಂದೆರಡು ಹೊಲಿಗೆ ಹಾಕಿಕೊಟ್ಟರೆ.

ಮುನೀಂದ್ರ ಎದ್ದು ನಿಂತ. ಸೋರುವ ಹೊಲಿಗೆ ಕಂಡರೆ ತಡೆಯಲಾರದ ಕೈ, ಅವತ್ತು ಮಾತ್ರ ಜೇಬಿನಲ್ಲೇ ಇತ್ತು. ಆಮೇಲೆ ಅವನು ಕಾರಿಗೆ ಹೋಗಿ, ಮೇಣ ಸವರಿದ ದಾರವನ್ನೂ ದಬ್ಬಳವನ್ನೂ ತಂದ. ಯಮನಪ್ಪ ಉರುಳಿಸಿಕೊಂಡು ಬಂದ ಬಣ್ಣದ ಡಬ್ಬಿಯ ಮೇಲೆ ಹತ್ತಿ, ಕತ್ತೆತ್ತಿ ನಿಂತು, ಮೊದಲ ಹೊಲಿಗೆ ಹಾಕಿದ. ಚನ್ನಕ್ಕ ಮತ್ತೆ ಹಂಚು ಇಟ್ಟಳು. ಎದ್ದೇಳಲು ಯಾರೋ ಕೈ ಕೊಟ್ಟರೆ ಪಿಳ್ಳಮ್ಮ ಬೇಡವೆಂದಳು. ಬಿಸಿ ರೊಟ್ಟಿಯ ವಾಸನೆ ಚೆನ್ನಾಗಿದೆ, ಹೀಗೇ ಇರುತ್ತೇನೆ ಎಂದು ಕೌದಿಯ ಮೇಲೆ ಕಾಲು ಚಾಚಿಕೊಂಡೇ ಮಗನ ಕೆಲಸದ ಉಸ್ತುವಾರಿ ವಹಿಸಿಕೊಂಡಳು.

“ಅಲ್ಲಲ್ಲ ಕಣ್ಲಾ. ಇನ್ನೊಂಚೂರು ಇತ್ಲಾಗೆ.”